ನ್ಯಸ್ತಾಕ್ಷರಿ

ಕೇಳಿದ ಸವಾಲುಗಳಿಗೆ ಸ್ಥಳದಲ್ಲೇ ಪದ್ಯ ಕಟ್ಟಿ ಉತ್ತರಿಸುವ ಅವಧಾನ ಕಲೆಯ ಒಂದು ಅಂಗ. ಯಾವ ಪಾದದ ಎಷ್ಟನೆಯ ಸ್ಥಾನದಲ್ಲಿ ಯಾವ ಅಕ್ಷರ ಬರಬೇಕೆಂದು ಪೃಚ್ಛಕರು (ಸವಾಲು ಕೇಳುವವರು) ಗೊತ್ತುಮಾಡುತ್ತಾರೆ. ಅವಧಾನಿ ಕಾಗದ, ನಿಘಂಟುಗಳ ನೆರವಿಲ್ಲದೆ ಅಲ್ಲಿಗೆ ಒಪ್ಪುವ ಪದ ಹುಡುಕಿ ಪದ್ಯ ಕಟ್ಟಬೇಕು. ಅಕ್ಷರ ಸಿಕ್ಕರೆ ಸಾಲದು, ಗುರುಲಘುವೂ, ಅಂದರೆ ಅಕ್ಷರದ ಉದ್ದಗಿಡ್ಡ ಮಾತ್ರೆಯೂ, ಹೊಂದಬೇಕು.

ಉತ್ಪಲಮಾಲೆ ಎಂಬ ವೃತ್ತವನ್ನು ನೋಡಿ. ಪಾದಕ್ಕೆ 20 ಅಕ್ಷರ. 10ನೆಯದು ಗುರು, 11 ಮತ್ತು 12 ಲಘು. 11ರಲ್ಲಿ ‘ಡಿ’ ಕೇಳಿದರೆ ‘ಕಾಡಿನ’, ‘ನಾಡಿಗೆ’ ಸಲೀಸಾಗಿ ಕೂರುತ್ತವೆ. ‘ಹಿಡಿತ’ ಕೂರದು, ಏಕೆಂದರೆ ‘ಹಿ’ ಲಘು. ಇದರ ಮೇಲೆ ಆದಿಪ್ರಾಸದ ಕಟ್ಟು ಬೇರೆ: ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಮೊದಲಕ್ಷರದ ಕ್ರಮದಲ್ಲಿರುವ ನಿಘಂಟು ಕೈಯಲ್ಲಿದ್ದರೂ ಇಂಥ ಹುಡುಕಾಟಕ್ಕೆ ಅಷ್ಟಕ್ಕಷ್ಟೇ. ದೀರ್ಘ ಸಮಾಸಗಳು ಕೈಹಿಡಿಯುತ್ತವೆ, ಅರ್ಥ ಸೊರಗದಿದ್ದರೆ.

ಇದರ ಸೋದರ ಅಂಗಗಳು ದತ್ತಪದಿ ಮತ್ತು ನಿಷೇಧಾಕ್ಷರಿ. ಮೊದಲನೆಯದರಲ್ಲಿ ಕೊಟ್ಟ ಪದಗಳನ್ನು, ಕೆಲವೊಮ್ಮೆ ಇಂಗ್ಲಿಷ್ ಪದಗಳನ್ನೂ, ಪದ್ಯದೊಳಗೆ ಅಡಗಿಸಬೇಕು. ಎರಡನೆಯದರಲ್ಲಿ ಪೃಚ್ಛಕರು ಮುಂದಿನ ಅಕ್ಷರವನ್ನು ಊಹಿಸಿ ತಡೆಯುತ್ತಾರೆ. ನೋಡುಗರಿಗೆ ಹೆಚ್ಚು ರಂಜನೆ ಇದರದೇ.

ಕನ್ನಡದಲ್ಲಿ ಈ ಕಲೆಗೆ ಮರುಜೀವ ಕೊಟ್ಟವರಲ್ಲಿ ಶತಾವಧಾನಿ ಆರ್. ಗಣೇಶ್ ಪ್ರಮುಖರು. 2012ರಲ್ಲಿ ಬೆಂಗಳೂರಿನಲ್ಲಿ ಅವರು ಪೂರ್ಣ ಕನ್ನಡದಲ್ಲಿ ಶತಾವಧಾನ (ನೂರು ಪೃಚ್ಛಕರ ಅವಧಾನ) ನಡೆಸಿದರು.