ಕೂಲರ್: ನಿಗಾ ಮತ್ತು ದುರಸ್ತಿ

ನೀರು ಆವಿಯಾಗುವಾಗ ಗಾಳಿಯ ಶಾಖ ಹೀರಿಕೊಳ್ಳುವುದನ್ನು ಬಳಸಿ ಕೋಣೆಗೆ ತಂಪನ್ನೂ ತೇವವನ್ನೂ ಕೊಡುವ ಯಂತ್ರ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಒಣಗಾಳಿಯ ಗುರುಮಠಕಲ್ ಸೀಮೆಗೆ ಹೇಳಿಮಾಡಿಸಿದ್ದು. ಮಳೆಗಾಲದಲ್ಲಿ ಉಪಯೋಗ ಕಡಿಮೆ.

ತಂಪು ತಗ್ಗಿದರೆ ಮೊದಲು ಪಕ್ಕದ ಹುಲ್ಲಿನ ಪ್ಯಾಡ್ ಮುಟ್ಟಿ ನೋಡಬೇಕು. ಒದ್ದೆಯ ನಡುವೆ ಒಣಗಿದ ಪಟ್ಟೆಗಳಿದ್ದರೆ ನೀರಿನ ದಾರಿ ಕಟ್ಟಿದೆ. ಗಡಸು ಬೋರ್‌ವೆಲ್ ನೀರಿನ ಸುಣ್ಣ ಪಂಪಿನ ಜಾಲರಿಯಲ್ಲೂ ಕೊಳವೆಯ ತೂತುಗಳಲ್ಲೂ ಬೆಳ್ಳಗೆ ಗಟ್ಟಿಯಾಗುತ್ತದೆ. ಲಿಂಬೆರಸದಲ್ಲಿ ನೆನೆಸಿ ಉಜ್ಜಿದರೆ ಬಿಡುತ್ತದೆ. ಪ್ಲಗ್ ಕಿತ್ತ ಮೇಲೆಯೇ ಕೈ ಹಾಕಬೇಕು: ಅರ್ಥಿಂಗ್ ಇಲ್ಲದ ತಗಡಿನ ಕೂಲರ್ ಒದ್ದೆಯಾದಾಗ ಪ್ರಾಣಕ್ಕೇ ಅಪಾಯ. ವಾರಕ್ಕೊಮ್ಮೆ ತೊಟ್ಟಿ ಬರಿದುಮಾಡಿ, ಒಳಗೋಡೆ ತಿಕ್ಕಿ ಒಣಗಿಸುವುದು ಬಿಡಬಾರದ ಕೆಲಸ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನಿಂತ ನೀರಿನ ಅಂಚಿನಲ್ಲೇ ಮೊಟ್ಟೆ ಇಡುತ್ತದೆ.

ಕಿಟಕಿ ಮುಚ್ಚಿ ಕೂಲರ್ ಓಡಿಸಿದರೆ ಕೋಣೆಯಲ್ಲಿ ತೇವ ತುಂಬಿ ಸೆಕೆ ಹೆಚ್ಚುತ್ತದೆ.