ಲಾರಿ ಚಾಲಕರ ಡ್ಯೂಟಿ ಎಷ್ಟು ಗಂಟೆ, ಮನೆಗೆ ಬರೋದು ಯಾವಾಗ? ಮಂಡಿ, ಅಂಗಡಿಯವರಿಗೂ ಬೇಕಾದ ಮಾಹಿತಿ

ಚಿಕ್ಕಬಳ್ಳಾಪುರ: ಚಿಂತಾಮಣಿಯ ಟೊಮೆಟೊ, ಶಿಡ್ಲಘಟ್ಟದ ರೇಷ್ಮೆಗೂಡು, ಚಿಕ್ಕಬಳ್ಳಾಪುರದ ಹೂವು ಮತ್ತು ದ್ರಾಕ್ಷಿ, ಗೌರಿಬಿದನೂರಿನ ಮೆಕ್ಕೆಜೋಳ, ತೊಂಡೇಬಾವಿಯ ಸಿಮೆಂಟ್. ಜಿಲ್ಲೆಯಲ್ಲಿ ಏನು ಬೆಳೆದರೂ, ಏನು ತಯಾರಾದರೂ ಕೊನೆಗೆ ಗಾಡಿ ಹತ್ತಲೇಬೇಕು. ನಾಲ್ಕೂ ಪಟ್ಟಣಗಳನ್ನು ರಾಷ್ಟ್ರೀಯ ಹೆದ್ದಾರಿ 69 (ಹಳೆಯ 234) ಜೋಡಿಸುತ್ತದೆ. ಶ್ರೀನಗರ–ಕನ್ಯಾಕುಮಾರಿ ಹೆದ್ದಾರಿ 44 ಬಾಗೇಪಲ್ಲಿ, ಚಿಕ್ಕಬಳ್ಳಾಪುರದ ಮೇಲೆ ಹಾದುಹೋಗುತ್ತದೆ. ಈ ರಸ್ತೆಗಳಲ್ಲಿ ಗಾಡಿ ಓಡಿಸುವವರಿಗೆ ಕಾನೂನು ಎಷ್ಟು ಗಂಟೆ ಕೆಲಸ ಹೇಳುತ್ತದೆ, ನಿಜದಲ್ಲಿ ಎಷ್ಟಾಗುತ್ತದೆ, ವ್ಯತ್ಯಾಸ ಎಲ್ಲಿಂದ ಬರುತ್ತದೆ ಅನ್ನೋದರ ವಿವರ ಇಲ್ಲಿದೆ.

ಡ್ಯೂಟಿ ಬೀಳುವ ಬಗೆ

ನಮ್ಮ ಕಡೆ ಚಾಲಕರಲ್ಲಿ ಹಲವರಿಗೆ ತಿಂಗಳ ಸಂಬಳಕ್ಕಿಂತ ಟ್ರಿಪ್ ಲೆಕ್ಕ ಮುಖ್ಯ. ಟ್ರಿಪ್‌ಗೆ ಇಷ್ಟು, ಜೊತೆಗೆ ಊಟದ ಬಾಟಾ. ಲೋಡ್ ಗೊತ್ತಾಗೋದು ಮಾಲೀಕರ ಫೋನಿನಿಂದ ಅಥವಾ ಟ್ರಾನ್ಸ್‌ಪೋರ್ಟ್ ಆಫೀಸಿನಿಂದ. ಟೊಮೆಟೊ ಆದರೆ ಹರಾಜು ಮುಗಿದು, ಕ್ರೇಟು ತುಂಬಿ, ಟಾರ್ಪಾಲು ಕಟ್ಟಿದ ಮೇಲೇನೇ ಗಾಡಿ ಹೊರಡೋದು. ಗೂಡಿನ ಗಾಡಿಯವರು ಮಾರುಕಟ್ಟೆ ಶುರುವಾಗುವ ಮುಂಚೆ ಶಿಡ್ಲಘಟ್ಟ ಮುಟ್ಟಬೇಕು ಅಂತ ರಾತ್ರಿಯೇ ಹೊರಡುತ್ತಾರೆ. ಸಿಮೆಂಟ್, ಕಾರ್ಖಾನೆ ಮಾಲು ಸರದಿಯ ಮೇಲೆ. ಹೋದ ಊರಲ್ಲಿ ವಾಪಸ್ ಲೋಡ್ ಸಿಗದಿದ್ದರೆ ಅಲ್ಲೇ ಒಂದೆರಡು ದಿನ ಕಾಯೋದು. ಖಾಲಿ ಗಾಡಿ ತಂದರೆ ಡೀಸೆಲ್ ಖರ್ಚು ಮೈಮೇಲೆ ಬರುತ್ತದೆ.

ಟ್ರಿಪ್ ಲೆಕ್ಕದಲ್ಲಿ ಕಾದ ಗಂಟೆಗೆ ದುಡ್ಡಿಲ್ಲ. ಹಾಗಾಗಿ ಮಂಡಿಯಲ್ಲಿ ಕಳೆದುಹೋದ ಹೊತ್ತನ್ನು ಚಾಲಕ ರಸ್ತೆಯಲ್ಲಿ, ನಿದ್ದೆ ಬಿಟ್ಟು ಸರಿದೂಗಿಸುತ್ತಾನೆ.

ಕಾನೂನಿನಲ್ಲಿ ಇರೋದು

ಚಾಲಕರ ಗಂಟೆಗಳ ಲೆಕ್ಕ ಹಾಕಿಕೊಟ್ಟಿದ್ದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ. ಅದರ ಮುಖ್ಯ ಅಂಶಗಳು:

• ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ದೂರದ ಮಾರ್ಗಕ್ಕೆ ಅಧಿಕಾರಿಯ ಒಪ್ಪಿಗೆ ಪಡೆದರೂ ದಿನಕ್ಕೆ 10, ವಾರಕ್ಕೆ 54 ಗಂಟೆ ಮೀರುವಂತಿಲ್ಲ.
• 5 ಗಂಟೆ ಕೆಲಸಕ್ಕೆ ಮುಂಚೆಯೇ ಕನಿಷ್ಠ ಅರ್ಧ ಗಂಟೆ ಬಿಡುವು.
• ಒಂದು ದಿನದ ಡ್ಯೂಟಿ ಮುಗಿದು ಮರುದಿನದ್ದು ಶುರುವಾಗುವ ನಡುವೆ ಒಂದೇ ಸಮ 9 ಗಂಟೆ ವಿಶ್ರಾಂತಿ.
• ಹೆಚ್ಚುವರಿ ಕೆಲಸಕ್ಕೆ ದುಪ್ಪಟ್ಟು ಕೂಲಿ.

ಗಮನಿಸಬೇಕಾದ್ದು: ಸ್ಟೇರಿಂಗ್ ಹಿಡಿದ ಹೊತ್ತು ಮಾತ್ರ ಕೆಲಸ ಅಲ್ಲ. ಲೋಡ್ ಹಾಕೋದು, ಇಳಿಸೋದು, ಗಾಡಿ ರಿಪೇರಿ, ಕಾಗದಪತ್ರದ ಕೆಲಸವೂ ಕಾಯ್ದೆಯ ಪ್ರಕಾರ ಕೆಲಸದ ಗಂಟೆಯೇ.

2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಬಂದಿದೆ. ದಿನಕ್ಕೆ 8 ಗಂಟೆ, ವಾರದ ರಜೆ, ಹೆಚ್ಚುವರಿಗೆ ದುಪ್ಪಟ್ಟು ಕೂಲಿ ಅದರಲ್ಲೂ ಇವೆ. ಸಣ್ಣ ಮಾಲೀಕರಿಗೆ ಗಂಟೆ ಲೆಕ್ಕ ಇಲ್ಲ ಅಂದುಕೊಳ್ಳುವವರಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಂ ಸಾರಿಗೆ ವಾಹನ ಓಡಿಸಲು ನೇಮಿಸಿದ ಯಾರಿಗೇ ಆದರೂ ಕೆಲಸದ ಗಂಟೆ ಮಿತಿ ಹಾಕುತ್ತದೆ.

ದೆಹಲಿ ಟ್ರಿಪ್‌ನ ಲೆಕ್ಕ

ಚಿಂತಾಮಣಿಯಿಂದ ದೆಹಲಿಗೆ ಸುಮಾರು 2,100 ಕಿ.ಮೀ. ಲೋಡ್ ಗಾಡಿ ಟೋಲ್, ಟ್ರಾಫಿಕ್ ಎಲ್ಲ ಸೇರಿ ಗಂಟೆಗೆ 40 ಕಿ.ಮೀ. ಸರಾಸರಿ ಹೋಗುತ್ತೆ ಅಂತಿಟ್ಟುಕೊಳ್ಳಿ. ಒಬ್ಬ ಚಾಲಕ ದಿನಕ್ಕೆ 8 ಗಂಟೆ ಓಡಿಸಿದರೆ 320 ಕಿ.ಮೀ. ಅಂದರೆ ದೆಹಲಿ ಮುಟ್ಟೋದು 7ನೇ ದಿನ. ಟೊಮೆಟೊ ಅಷ್ಟು ದಿನ ತಡೆಯಲ್ಲ. ಒಬ್ಬನೇ 4 ದಿನದಲ್ಲಿ ಮುಟ್ಟಿಸಬೇಕಾದರೆ ದಿನಕ್ಕೆ 13 ಗಂಟೆ ಸ್ಟೇರಿಂಗ್ ಬಿಡುವಂತಿಲ್ಲ. ಇಬ್ಬರು ಚಾಲಕರು ತಲಾ 8 ಗಂಟೆ ಓಡಿಸಿದರೆ ದಿನಕ್ಕೆ 640 ಕಿ.ಮೀ., 4ನೇ ದಿನ ಮಾಲು ದೆಹಲಿಯಲ್ಲಿರುತ್ತದೆ.

ಎರಡನೇ ಚಾಲಕನ ಖರ್ಚು ಬಾಡಿಗೆಯಲ್ಲಿ ಸೇರಬೇಕು. ಬಾಡಿಗೆ ಚೌಕಾಸಿ ಮಾಡಿ ಇಳಿಸಿದಾಗ ಮೊದಲು ಕೆಳಗಿಳಿಯೋದು ಆ ಎರಡನೇ ಚಾಲಕ. ಲಾರಿಯ ಕಂತು, ಟ್ಯಾಕ್ಸು, ಇನ್ಶೂರೆನ್ಸ್ ಕಟ್ಟುವ ಮಾಲೀಕನೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾನೆ.

ಕಾರ್ಖಾನೆ, ಅಂಗಡಿ ಮಾಲಿನ ವಿಷಯ ಬೇರೆ. ಇ-ವೇ ಬಿಲ್ ಸಾಮಾನ್ಯ ಸರಕಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನ ಕೊಡುತ್ತದೆ. 2,100 ಕಿ.ಮೀ.ಗೆ 11 ದಿನ ಸಿಗುತ್ತದೆ. ತಡವಾದರೆ ಅವಧಿ ಮುಗಿಯುವ 8 ಗಂಟೆ ಮುಂಚೆ ಅಥವಾ ಮುಗಿದ 8 ಗಂಟೆಯೊಳಗೆ ವಿಸ್ತರಿಸಿಕೊಳ್ಳಬಹುದು. ಹಾಗಾಗಿ "ಬಿಲ್ ಮುಗಿದುಹೋಗುತ್ತೆ, ಬೇಗ ಬಾ" ಅಂತ ಚಾಲಕನನ್ನು ರಾತ್ರಿಯೆಲ್ಲ ಓಡಿಸುವ ಅಗತ್ಯವಿಲ್ಲ.

ನಿಲ್ಲಿಸೋದು ಎಲ್ಲಿ?

ವಿಶ್ರಾಂತಿ ತಗೋ ಅಂದರೆ ಸಾಲದು, ಗಾಡಿ ನಿಲ್ಲಿಸಲು ಜಾಗ ಬೇಕು. ಬೆಂಗಳೂರಿನೊಳಗೆ ದಟ್ಟಣೆ ಹೊತ್ತಲ್ಲಿ ಭಾರೀ ವಾಹನಗಳಿಗೆ ನಿರ್ಬಂಧ ಇರೋದರಿಂದ ಈ ಕಡೆಯ ಗಾಡಿಗಳು ನಗರದ ಹೊರಗೇ ಕಾಯಬೇಕಾಗುತ್ತದೆ. ರಸ್ತೆ ಅಂಚಿನಲ್ಲಿ ನಿಂತ ಗಾಡಿ ಎಷ್ಟು ಅಪಾಯ ಅನ್ನೋದನ್ನು ಜಿಲ್ಲೆ ಕಣ್ಣಾರೆ ಕಂಡಿದೆ. 2023ರ ಅಕ್ಟೋಬರ್ 26ರ ಬೆಳಗ್ಗೆ ಚಿಕ್ಕಬಳ್ಳಾಪುರದ ಹೊರವಲಯದಲ್ಲಿ, ಹೆದ್ದಾರಿ 44ರಲ್ಲಿ, ನಿಂತಿದ್ದ ಟ್ಯಾಂಕರ್‌ಗೆ ಮಂಜಿನಲ್ಲಿ ಟಾಟಾ ಸುಮೋ ಡಿಕ್ಕಿ ಹೊಡೆದು 13 ಜನ ಸತ್ತರು.

ಪೆಟ್ರೋಲ್ ಬಂಕ್, ಡಾಬಾ ಅಂಗಳ, ಮಂಡಿ ಆವರಣದಲ್ಲಿ ನಿಲ್ಲಿಸೋದೇ ಸರಿ. ಗಾಡಿ ಕೆಟ್ಟು ರಸ್ತೆಯಲ್ಲೇ ನಿಂತರೆ ಪಾರ್ಕಿಂಗ್ ಲೈಟ್ ಹಾಕಿ, ಹಿಂದೆ ದೂರದಲ್ಲಿ ರಿಫ್ಲೆಕ್ಟರ್ ತ್ರಿಕೋನ ಇಟ್ಟು, ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಬೇಕು. ನಸುಕಿನ 2ರಿಂದ 5 ಗಂಟೆ ನಿದ್ದೆ ಎಳೆಯುವ ಹೊತ್ತು. ಟೀ ಕುಡಿದರೆ ಸ್ವಲ್ಪ ಹೊತ್ತು ಎಚ್ಚರ ಇರಬಹುದು, ಆದರೆ ನಿದ್ದೆಗೆ ನಿದ್ದೆಯೇ ಮದ್ದು.

2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಸರಕು ವಾಹನಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯವಾಗಿದೆ. ಹಳೇ ಗಾಡಿಗಳಿಗೆ ಈ ನಿಯಮ ಇಲ್ಲ.

ಮನೆಗೆ ಬರುವ ದಿನ

ವಾರಕ್ಕೊಂದು ರಜೆ ಕಾನೂನಿನಲ್ಲಿದೆ. ಸಾರಿಗೆ ನಿಲ್ಲಬಾರದು ಅಂತ ರಜೆ ದಿನ ಕೆಲಸ ಮಾಡಿಸಿದರೂ, ಪೂರ್ತಿ ಒಂದು ದಿನದ ರಜೆ ಇಲ್ಲದೆ ಸತತ 10 ದಿನ ದಾಟುವಂತಿಲ್ಲ. ತಪ್ಪಿದ ರಜೆಗೆ ಬದಲಿ ರಜೆ ಕೊಡಬೇಕು. ಹೊಸ ಸಂಹಿತೆ ಪ್ರಕಾರ ವರ್ಷದಲ್ಲಿ 180 ದಿನ ಕೆಲಸ ಮಾಡಿದವರಿಗೆ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳ ಸಹಿತ ರಜೆ. ಹಳೇ ಕಾಯ್ದೆಯಲ್ಲಿ ಇದಕ್ಕೆ 240 ದಿನ ಬೇಕಿತ್ತು.

ಒಂದೆರಡು ಲಾರಿ ಇರುವ ಕಡೆ ಇದೆಲ್ಲ ಬಾಯಿಮಾತಿನ ಮೇಲೆ ನಡೆಯುತ್ತೆ. ವರಮಹಾಲಕ್ಷ್ಮಿ, ಗೌರಿ-ಗಣೇಶ, ದಸರಾ ಮುಂಚೆ ಹೂವು, ಹಣ್ಣಿನ ಲೋಡ್ ಜಾಸ್ತಿ. ಎಲ್ಲರ ಮನೆಗೂ ಹೂವು ಮುಟ್ಟಿಸಿದವನು ಹಬ್ಬದ ದಿನ ಇನ್ಯಾವುದೋ ಊರಿನ ಬಂಕ್‌ನಲ್ಲಿರುತ್ತಾನೆ. ಇದಕ್ಕೆ ದಾರಿ ಇದೆ. ಕೆಲಸಕ್ಕೆ ಸೇರುವಾಗಲೇ ಎಷ್ಟು ಟ್ರಿಪ್‌ಗೆ ಎಷ್ಟು ದಿನ ಮನೆ ಅಂತ ಮಾತಾಡಿ ಬರೆದಿಟ್ಟುಕೊಳ್ಳಬೇಕು. ಊರಹಬ್ಬ, ಮಕ್ಕಳ ಶಾಲೆ, ಆಸ್ಪತ್ರೆಯಂಥ ದಿನಗಳನ್ನು ತಿಂಗಳ ಮುಂಚೆ ಹೇಳಿದರೆ ಮಾಲೀಕರು ಆಕ್ಟಿಂಗ್ ಡ್ರೈವರ್ ಹುಡುಕಿಕೊಳ್ಳಬಹುದು.

ಅಂಗಡಿ, ಮಂಡಿಯವರ ಕೈಯಲ್ಲಿ ಇರೋದು

• ಗಾಡಿ ಬರುವ ಹೊತ್ತು ಕೇಳಿಕೊಂಡು ಹಮಾಲಿಗಳನ್ನು ಮುಂಚೆಯೇ ಕರೆಸಿಡಿ. ಇಳಿಸೋದು 2 ಗಂಟೆ ಬೇಗ ಮುಗಿದರೆ ಚಾಲಕನಿಗೆ 2 ಗಂಟೆ ನಿದ್ದೆ ಸಿಗುತ್ತೆ.
• "ಬೆಳಗ್ಗೆ ಅಂಗಡಿ ತೆಗೆಯೋ ಹೊತ್ತಿಗೆ ಇರಲೇಬೇಕು" ಅನ್ನುವ ಮುಂಚೆ ಲೋಡ್ ಎಷ್ಟು ಹೊತ್ತಿಗೆ ಹೊರಟಿತು ಅಂತ ಕೇಳಿ.
• ಕಾಯಿಸಿದ ದಿನಕ್ಕೆ ಕಾಯುವ ಬಾಡಿಗೆ ಮೊದಲೇ ಗೊತ್ತು ಮಾಡಿ, ಅದರಲ್ಲಿ ಚಾಲಕನ ಪಾಲೂ ಇರಲಿ.
• ಕುಡಿಯುವ ನೀರು, ಶೌಚಾಲಯ, ಗಾಡಿ ನಿಲ್ಲಿಸುವ ಜಾಗ ತೋರಿಸಿ.

ಎಲ್ಲಿ ವಿಚಾರಿಸಬೇಕು

ಡ್ಯೂಟಿ ಗಂಟೆ, ರಜೆ, ಕೂಲಿ ಬಾಕಿ ವಿಷಯಕ್ಕೆ ಆಯಾ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿ ಅಥವಾ ಕಾರ್ಮಿಕ ಸಹಾಯವಾಣಿ 155214. ಖಾಸಗಿ ವಾಣಿಜ್ಯ ವಾಹನ ಚಾಲಕರು ಅಪಘಾತದಲ್ಲಿ ಸತ್ತರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ಕೊಡುವ ರಾಜ್ಯದ ಯೋಜನೆಯ ವಿವರವೂ ಕಾರ್ಮಿಕ ಇಲಾಖೆಯಲ್ಲೇ ಸಿಗುತ್ತದೆ. ಲೈಸೆನ್ಸ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿಗಳು ಮನೆಯಲ್ಲೂ ಒಂದು ಸೆಟ್ ಇರಲಿ, ಎಲ್ಲಿಟ್ಟಿದೆ ಅಂತ ಮನೆಯವರಿಗೆ ಗೊತ್ತಿರಲಿ. ದಾಖಲೆಗಳೆಲ್ಲ ಗಾಡಿಯಲ್ಲೇ ಇದ್ದರೆ, ಬೇಕಾದ ಹೊತ್ತಿಗೆ ಮನೆಯವರ ಕೈಗೆ ಸಿಗಲ್ಲ.