ಸಾಮಾಜಿಕ ಗ್ರಹಿಕೆ: ಬೈಪೋಲಾರ್ ಕಾಯಿಲೆ ಮತ್ತು ಫ್ರಂಟೊಟೆಂಪೊರಲ್ ಡಿಮೆನ್ಶಿಯಾ

ಸಾಮಾಜಿಕ ಗ್ರಹಿಕೆಯೆಂದರೆ ಎದುರಿಗಿರುವವರ ಮುಖಭಾವ, ದನಿ, ಮಾತಿನ ಒಳಾರ್ಥಗಳಿಂದ ಅವರ ಮನಸ್ಸನ್ನು ಅರಿತು ತಕ್ಕಂತೆ ನಡೆದುಕೊಳ್ಳುವ ಶಕ್ತಿ. ಬೈಪೋಲಾರ್ ಕಾಯಿಲೆ, ಫ್ರಂಟೊಟೆಂಪೊರಲ್ ಡಿಮೆನ್ಶಿಯಾ ಎರಡರಲ್ಲೂ ಇದು ಕುಂದುತ್ತದೆ, ಆದರೆ ಬಗೆ ಬೇರೆ. ಬೈಪೋಲಾರ್‌ನಲ್ಲಿ ಉನ್ಮಾದ ಇಳಿದರೆ ಗ್ರಹಿಕೆ ಬಹುಮಟ್ಟಿಗೆ ಮರಳುತ್ತದೆ, ಅಲ್ಪ ಕೊರತೆ ಉಳಿಯಬಹುದು. ಫ್ರಂಟೊಟೆಂಪೊರಲ್ ಡಿಮೆನ್ಶಿಯಾದಲ್ಲಿ ಮೆದುಳಿನ ಮುಂಭಾಗದ ಮತ್ತು ಪಕ್ಕದ ಭಾಗಗಳ ನರಕೋಶಗಳು ನಶಿಸುವುದರಿಂದ ಅದು ಕುಸಿಯುತ್ತಲೇ ಹೋಗುತ್ತದೆ. ಸಾಮಾನ್ಯವಾಗಿ 45ರಿಂದ 65ರ ವಯಸ್ಸಿನಲ್ಲಿ ಕಾಣಿಸಿಕೊಳ್ಳುವ ಈ ಕಾಯಿಲೆಯಲ್ಲಿ ಆರಂಭಕ್ಕೆ ನೆನಪು ಹೆಚ್ಚಾಗಿ ಕೆಡುವುದಿಲ್ಲ. ಸಾವಿನ ಮನೆಯಲ್ಲಿ ನಗುವುದು, ಹಿರಿಯರೆದುರು ಲಜ್ಜೆಗೆಟ್ಟ ಮಾತು, ಮನೆಯವರ ನೋವಿಗೆ ಕರಗದಿರುವುದು, ಸಿಹಿಗೆ ಹಾತೊರೆಯುವುದು: ಇವನ್ನು ಮನೆಯವರು ಕೊಬ್ಬೆಂದು ತಿಳಿಯುತ್ತಾರೆ, ವೈದ್ಯರೂ ಉನ್ಮಾದವೆಂದು ಎಣಿಸುವುದುಂಟು. ಐವತ್ತು ದಾಟಿದವರಲ್ಲಿ ಮೊದಲ ಬಾರಿಗೆ ‘ಉನ್ಮಾದ’ ಕಂಡರೆ ಮೆದುಳಿನ ಸ್ಕ್ಯಾನ್ ಅಗತ್ಯ.

ಸಾಮಾಜಿಕ ಗ್ರಹಿಕೆಯನ್ನು ಅಳೆಯುವ ಪರೀಕ್ಷೆಗಳು ಸಂಸ್ಕೃತಿಗೆ ಹೊಂದಬೇಕು. ಯಾವ ಮಾತು ಅಪಚಾರವೆಂಬುದು ಊರಿಂದೂರಿಗೆ ಬದಲಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು 2011ರಲ್ಲಿ ಪ್ರಕಟಿಸಿದ ‘ಸೋಕ್ರಾಟಿಸ್’ ಇಂಥ ಪರೀಕ್ಷೆಗಳೇ, ಆದರೆ ಅವು ಸ್ಕಿಜೋಫ್ರೇನಿಯಾಕ್ಕಾಗಿ ರೂಪುಗೊಂಡವು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರವು 2018ರಿಂದ 45 ದಾಟಿದವರ ಬುದ್ಧಿಶಕ್ತಿಯನ್ನು ದೀರ್ಘಕಾಲ ಗಮನಿಸುವ ‘ಸ್ಯಾನ್ಸ್‌ಕಾಗ್’ ಅಧ್ಯಯನ ನಡೆಸುತ್ತಿದೆ. ಶ್ರೀನಿವಾಸಪುರ, ಅದೇ ಜಿಲ್ಲೆಯ ಮುಳಬಾಗಿಲುಗಳ ಅನೇಕ ಮನೆಗಳಲ್ಲಿ ತೆಲುಗು, ಹೊರಗೆ ಕನ್ನಡ. ಓದು ಬಾರದ ಹಿರಿಯರೂ ಹಲವರು. ಇಂಥಲ್ಲಿ ಸಿದ್ಧ ಪರೀಕ್ಷೆಗಳು ಸುಲಭವಾಗಿ ಹೊಂದವು; ಮನೆಯವರು ಹೇಳುವ ‘ಮೊದಲು ಹೀಗಿರಲಿಲ್ಲ’ ಎಂಬ ಮಾತೇ ಎಷ್ಟೋ ವೇಳೆ ಹೆಚ್ಚು ಬೆಲೆಯುಳ್ಳದ್ದು. ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಟೆಲಿ ಮಾನಸ್: 14416.